ದೊರೆಯ ಬಂಗಲೆಯ ಒಲೆ

ಚಾರ್ಮಾಡಿ ಘಾಟಿಯ ಮೇಲಿನ ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಐವತ್ತರ ದಶಕದ ಕೊನೆಗೆ ಬಿಳಿಯ ದೊರೆ ತೋಟ ಮಾರಿ ಹೊರಟಾಗ ಬಂಗಲೆಯ ಸಾಮಾನು ಹರಾಜಾಯಿತು. ಬೇರೆಯವರು ಮಂಚ, ಕಪಾಟು ಕೊಂಡರು. ನಾನು ಚಳಿ ಕಾಯಿಸುವ ಗೋಡೆಯ ಒಲೆ ಕೊಂಡೆ: ದ್ರಾಕ್ಷಿಗೊಂಚಲು ಕೆತ್ತಿದ ತೇಗದ ಚೌಕಟ್ಟು, ಒಳಗೆ ಕಬ್ಬಿಣದ ಜಾಲರಿ. ಚಳಿಯ ಸಂಜೆಗಳಲ್ಲಿ ದೊರೆ, ಹೆಂಡತಿ, ಮಗಳು ಅದರ ಮುಂದೆ ಕಾಲು ಚಾಚಿ ಕುಳಿತಿರುವುದನ್ನು ಎಷ್ಟೋ ಸಲ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ.

ನನಗೂ ಹೆಂಡತಿ, ಮಗಳು ಇದ್ದರು, ತೋಡಾರಿನ ಅತ್ತೆಯ ಮನೆಯಲ್ಲಿ. ನಮ್ಮದು ಅಳಿಯಕಟ್ಟು, ಹೆಣ್ಣು ಮಕ್ಕಳು ತಾಯಿಯ ಮನೆಯಲ್ಲೇ, ಗಂಡನಾದವನು ಬಂದು ಹೋಗುವವನು. ಹೋದಾಗಲೆಲ್ಲ ನೆಂಟರಿಗೆ ಕೊಡುವ ಹಾಗೆ ಬೆಲ್ಲ ನೀರು ಕೊಡುತ್ತಿದ್ದರು, ಮರ್ಯಾದೆಗೆ ಕಡಿಮೆಯಿರಲಿಲ್ಲ. ಆ ಮರ್ಯಾದೆಯೇ ನನಗೆ ಸಾಕಾಗಿ ಹೋಗಿತ್ತು. ಘಾಟಿ ಇಳಿದು ಮೂಡುಬಿದಿರೆಯ ಅಕ್ಕಿ ಮಿಲ್ಲಿನಲ್ಲಿ ಕೆಲಸ ಹಿಡಿದು ಸಣ್ಣ ಹಂಚಿನ ಮನೆ ಕಟ್ಟಿಸಿದೆ. ಮನೆ ಮನಸ್ಸಿಗೆ ಬಂದರೆ ತಾಯಿ ಮಗಳಿಬ್ಬರನ್ನೂ ಕಳುಹಿಸುವುದಾಗಿ ಅತ್ತೆ ಮಾತು ಕೊಟ್ಟರು.

ಒಲೆಯನ್ನು ಮನೆಯ ಮುಂದಿನ ಚಾವಡಿಯ ಗೋಡೆಗೆ ಕೂರಿಸಲು ಬಂದ ಆಚಾರಿ, "ಹೊಗೆ ಹೋಗುವುದೆಲ್ಲಿಗೆ ಮಾರಾಯ್ರೆ?" ಎಂದು ಕೇಳಿದ.

"ಬೆಂಕಿ ಹಾಕ್ಲಿಕ್ಕಿಲ್ಲ, ಬರೀ ಚಂದಕ್ಕೆ" ಎಂದೆ. ನಮ್ಮ ಸೆಖೆಯಲ್ಲಿ ಬೆಂಕಿ ಕಾಯಿಸುವಷ್ಟು ಹುಚ್ಚು ನನಗೂ ಇರಲಿಲ್ಲ.

ಅತ್ತೆ ನನ್ನ ಹೆಂಡತಿ, ಮಗಳೊಂದಿಗೆ ಬಂದು ಬಾವಿ, ಅಡುಗೆಕೋಣೆ ಎಲ್ಲ ನೋಡಿ ಮೆಚ್ಚಿದರು. ಕೊನೆಗೆ ಒಲೆಯ ಮುಂದೆ ನಿಂತು, "ಇದಕ್ಕೆ ಬೆಂಕಿ ಹಾಕುವುದು ಯಾವಾಗ?" ಎಂದರು.

"ಹಾಕುವುದೇ ಇಲ್ಲ."

ಅವರ ಮುಖ ಸಪ್ಪಗಾಯಿತು. "ಸಾವಾದ ಮನೆಯಲ್ಲಿ ಒಲೆ ತಣ್ಣಗಿರುವುದು. ನೀವು ಬಾಗಿಲಿಗೆ ಎದುರೇ ಇಟ್ಟಿದ್ದೀರಲ್ಲ!"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಹಾಗಾದ್ರೆ ಉರಿಸುವ" ಎಂದವನೇ ತೆಂಗಿನ ಸಿಪ್ಪೆ ತುಂಬಿ ಕಡ್ಡಿ ಗೀರಿದೆ. ಹೊಗೆ ಚಾವಡಿಯನ್ನೆಲ್ಲ ತುಂಬಿತು. ಎರಡು ವರ್ಷದ ಮಗಳು ಕೆಮ್ಮಿ ಕೆಮ್ಮಿ ಅತ್ತಳು. ಅತ್ತೆ ಅವಳನ್ನು ಎತ್ತಿಕೊಂಡು ಅಂಗಳಕ್ಕಿಳಿದರು. ಹಿಂದೆ ಉಳಿದ ಹೆಂಡತಿ ಮೆಲ್ಲಗೆ, "ಅದನ್ನು ತೆಗೆಸಿ. ಅಮ್ಮನನ್ನು ನಾನು ಒಪ್ಪಿಸ್ತೇನೆ" ಎಂದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ನನ್ನ ಮನೆಯಲ್ಲಿ ಎಂತ ಇರಬೇಕೂಂತ ನಿನ್ನ ಅಮ್ಮ ಹೇಳುವುದು ಬೇಡ" ಎಂದೆ. ಅವಳು ಅಮ್ಮನ ಹಿಂದೆ ತೋಡಾರಿಗೇ ಮರಳಿದಳು. ನಾನು ಅಲ್ಲಿಗೆ ಹೋಗುವುದನ್ನೂ ಬಿಟ್ಟೆ.

ಎರಡು ವರ್ಷ ಒಬ್ಬನೇ ಗಂಜಿ ಬೇಯಿಸಿಕೊಂಡು ಆ ಒಲೆಯ ಮುಂದೆ ಕುಳಿತು ಉಂಡೆ. ಅಂಥ ಒಂಟಿತನವನ್ನು ನಾನು ಘಾಟಿಯ ಮೇಲೂ ಕಂಡಿರಲಿಲ್ಲ. ತಪ್ಪು ನನ್ನದೆಂದು ಮೊದಲ ವಾರವೇ ಗೊತ್ತಿತ್ತು. ಹೇಳಲು ನಾಲಗೆ ಏಳಲಿಲ್ಲ. ಕೊನೆಗೆ ಒಂದು ದಿನ ಅದನ್ನು ಕೀಳಿಸಿ, ಗೋಡೆಗೆ ಸುಣ್ಣ ಹೊಡೆಸಿ, ಬೆಳಗ್ಗಿನ ಬಸ್ಸಿಗೆ ತೋಡಾರಿಗೆ ಹೋದೆ. ಮಗಳು ಜಗಲಿಯಲ್ಲಿ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಹೆದರಲಿಲ್ಲ, ನಗಲೂ ಇಲ್ಲ.

"ಅಮ್ಮಾ," ಎಂದು ಒಳಗೆ ಕೂಗಿದಳು, "ಯಾರೋ ಬಂದಿದ್ದಾರೆ."

ಹೆಂಡತಿ ಹೊರಗೆ ಬರುವವರೆಗೂ ನಾನು ಅಂಗಳದಲ್ಲೇ ನಿಂತಿದ್ದೆ.