ಬಣ್ಣದ ಮಾತು

ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದವರು ಮಾತು ಕಡಿಮೆಯ ಮನುಷ್ಯ. ಕಾಯಿಸಿ ಆರಿಸಿದ ಹಾಲಿಗೆ ಅಯೋಡಿನ್ ಹನಿ ಬಿಟ್ಟು, ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು. ಒಳ್ಳೆಯ ಹಾಲು ತೆಳು ಹಳದಿಯಾಗುತ್ತಿತ್ತು. ಗಟ್ಟಿಯಾಗಿ ಕಾಣಲೆಂದು ಗಂಜಿ ಬೆರೆಸಿದ್ದರೆ ನೀಲಿ. ಎರಡಕ್ಕೂ ಅವರದು ಒಂದೇ ಮಾತು: “ಬಣ್ಣ ಸುಳ್ಳೇಳಲ್ಲ ಕಣವ್ವ.”

ಅಪ್ಪ ನರಸೀಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಬೆಳಗ್ಗೆ ನಮ್ಮ ಹಾಲು ನೀಲಿಯಾಯಿತು.

“ನಿನ್ನೆ ಈ ಕ್ಯಾನಲ್ಲೇ ನಮ್ಮೋರ್ಗೆ ಗಂಜಿ ತಗಂಡೋಗಿದ್ದೆ ಸಾ. ಸರ್ಯಾಗಿ ತೊಳ್ದಿಲ್ವೇನೋ,” ಎಂದಳು ಅವ್ವ.

ಅವರು ಅದೇ ಮಾತು ಹೇಳಿ ಹಾಲನ್ನು ಚರಂಡಿಗೆ ಸುರಿದರು. ಸಾಲಿನಲ್ಲಿದ್ದವರು ಅವ್ವನಿಂದ ಒಂದು ಹೆಜ್ಜೆ ದೂರ ಸರಿದರು.

ಅಪ್ಪ ತೀರಿಕೊಂಡಾಗ ಮಣ್ಣಿಗೆ ಹಾಲು ಪರೀಕ್ಷಿಸುವವರೂ ಬಂದಿದ್ದರು. ಆಸ್ಪತ್ರೆಯಿಂದ ತಂದ ಅದೇ ಕ್ಯಾನು ಜಗಲಿಯ ಮೇಲಿತ್ತು. ಮುಚ್ಚಳ ತೆಗೆದು ನೋಡಿದರು. ಅಪ್ಪ ಕುಡಿಯದೆ ಬಿಟ್ಟ ಗಂಜಿ ತಳದಲ್ಲಿ ಹಾಗೇ ಇತ್ತು. ಸದ್ದಾಗದಂತೆ ಮುಚ್ಚಿದರು.

ತಿಥಿ ಕಳೆದ ಮೇಲೆ ಅವ್ವ ಹಾಲು ತಂದಳು. ಅವರು ಪರೀಕ್ಷಿಸದೆ ಅಳೆಯಲು ಹೋದರು.

“ಆ ಔಷ್ದಿ ಬುಡಿ ಸಾ, ಎಲ್ಲರ್ ಮುಂದೇನೇ ಬುಡಿ,” ಎಂದಳು ಅವ್ವ.

ಬಿಟ್ಟರು. ಹಾಲು ತೆಳು ಹಳದಿಯಾಯಿತು. ಅವ್ವ ಕ್ಯಾನು ಹಿಡಿದು ಆ ಮಾತಿಗಾಗಿ ಕಾದಳು. ಅವರು ಹೇಳಲಿಲ್ಲ.