ದೋಟಿ ಹಿಡಿದ ಕೈಯ ಸರ್ವ್

ಅರಸೀಕೆರೆಯ ಟೆನಿಸ್ ಅಂಕಣಕ್ಕೆ ಕ್ಲಬ್ಬಿನವರು ಬೀಗ ಹಾಕಿದಾಗ ನಷ್ಟವಾದದ್ದು ಶಾಲೆಯ ಹುಡುಗಿಯರಾದ ನಮಗೆ. ಕಣಕಟ್ಟೆಯ ತೋಟದಲ್ಲಿ ದೋಟಿಯಿಂದ ತೆಂಗಿನಕಾಯಿ ಕೆಡವುತ್ತ ಬೆಳೆದ ನಾನು ಸರ್ವ್ ಮಾಡುವಾಗಲೂ ರ‍್ಯಾಕೆಟ್ಟನ್ನು ಬಿಗಿಹಿಡಿದು ಕೆಳಕ್ಕೆ ಜಗ್ಗುತ್ತಿದ್ದೆ. ಚೆಂಡು ನೆಟ್ಟಿಗೇ ಬೀಳುತ್ತಿತ್ತು.

“ಏನೇ, ಕಾಯಿ ಕೆಡವ್ತಿದ್ದೀಯಾ? ಮಣಿಕಟ್ಟು ಸಡಿಲ ಬಿಟ್ಟು ಮೇಲಕ್ಕೆ ಬೀಸೇ!” ಎಂದು ನಮ್ಮ ಆಟದ ಮೇಡಂ ಛೇಡಿಸುತ್ತಿದ್ದರು.

ಒಂದು ಸಂಜೆ ಹಾಗೆಯೇ ಬೀಸಿದೆ. ಚೆಂಡು ನೆಟ್ ದಾಟಿ ಎದುರಿನ ಚೌಕದೊಳಗೆ ಬಿತ್ತು. “ಬಿತ್ತು ಕಣೇ!” ಎಂದು ಮೇಡಂ ಕೂಗಿದ್ದು ಇಂದಿಗೂ ಕಿವಿಯಲ್ಲಿದೆ.

ಮರುವಾರವೇ ಅಂಕಣ ಸದಸ್ಯರಿಗೆ ಮಾತ್ರವೆಂದಾಯಿತು; ಸದಸ್ಯರೆಲ್ಲರೂ ಗಂಡಸರು. ಅದು ಅನ್ಯಾಯ. ಅಂಥ ಇನ್ನೊಂದು ಸರ್ವ್ ನನ್ನ ಕೈಯಿಂದ ಬರಲೇ ಇಲ್ಲ. ಬೀಗ ಈಗಲೂ ಇದೆ. ಕ್ಲಬ್ಬಿನ ಆಡಳಿತ ಮಂಡಳಿಯವರೇ, ದಿನವೂ ಸಂಜೆ ನಾಲ್ಕರಿಂದ ಆರರವರೆಗೆ ಅಂಕಣವನ್ನು ಶಾಲೆಯ ಹುಡುಗಿಯರಿಗೆ ಬಿಟ್ಟುಕೊಡಿ.