ಕೊನೆಯ ಸಾಲಿನ ಎಕ್ಸ್

ಹಿರಿಯೂರು ಬಸ್ಸಿನಲ್ಲಿ ಬೀಜಗಣಿತದ ಎಕ್ಸ್ ಒಂದು ಕಾಣೆಯಾಗಿತ್ತೆಂದು ವಿಷಾದದಿಂದ ತಿಳಿಸುತ್ತೇನೆ. ಹುಡುಕುತ್ತಿದ್ದವರು ನನ್ನ ಪಕ್ಕ ಕೂತಿದ್ದ ಗಂಗಮ್ಮ, ಹರಿಯಬ್ಬೆಯ ಅಂಗನವಾಡಿ ಸಹಾಯಕಿ. ಎಸ್ಸೆಸ್ಸೆಲ್ಸಿ ಪಾಸಾದರಷ್ಟೇ ಅವರು ಟೀಚರ್ ಆಗಬಹುದಿತ್ತು. ಪಾಸಾಗಲು ಉಳಿದದ್ದು ಗಣಿತ, ಕನ್ನಡ.

ಮೊದಲು ಕನ್ನಡ ಪಠ್ಯದ ವಚನಗಳನ್ನು ಹೇಳಿಕೊಡಲು ಹೋದೆ.

“ಅದು ಬಿಡ್ರಿ, ಮಠದಾಗೆ ಹಾಡ್ತೀವಿ. ಕೊನೇಲಿರೋ ಅಂಕಿತ ನೋಡಿದ್ರೆ ಯಾರ್ದು ಅಂತ ಗೊತ್ತಾಗ್ತೈತೆ.”

ಎರಡು ಎಕ್ಸ್‌ಗೆ ಐದು ಕೂಡಿಸಿದರೆ ಹದಿನೇಳು ಎಂಬ ಲೆಕ್ಕದಲ್ಲೂ ಅವರು ಕೊನೆಯನ್ನೇ ನೋಡಿ, ಎಕ್ಸ್ ಅಂದರೆ ಹದಿನೇಳು ಎಂದು ಬರೆದಿದ್ದರು.

“ಐದು ಕಳೆದು ಎರಡರಿಂದ ಭಾಗಿಸಬೇಕಮ್ಮ.”

“ಹಂಗಾರೆ ಹದಿನೇಳನ್ನ ಕೊನೇಲಿ ಯಾಕೆ ಇಟ್ಟವ್ರೆ?”

ನಾನು ನೋಟ್‌ಬುಕ್ಕನ್ನು ಅವರ ಕೈಗೇ ಕೊಟ್ಟೆ. ಬಸ್ಸು ಹಿರಿಯೂರು ಮುಟ್ಟುವಷ್ಟರಲ್ಲಿ ಅವರೇ ಲೆಕ್ಕ ಮಾಡಿ ಆರು ಬರೆದರು.

ಗಂಗಮ್ಮ ಎರಡರಲ್ಲೂ ಪಾಸಾದರು. ಈಗ ಅದೇ ಅಂಗನವಾಡಿಯಲ್ಲಿ ಟೀಚರ್.